ಅಣ್ಣನ ಮುದ್ದೆ

ಅಣ್ಣನಿಗೆ ಮುದ್ದೆ ತಿನ್ನುವುದನ್ನು ಕಲಿಸಲು ಅಮ್ಮನಿಗೆ ಮೂರು ವರ್ಷ ಹಿಡಿದಿತ್ತು. ಹುಟ್ಟಿನಿಂದಲೇ ಅವನ ಬುದ್ಧಿ ನಿಧಾನ, ಕೈ ಇನ್ನೂ ನಿಧಾನ. ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಅಮ್ಮ ಎದುರಿಗೆ ಕೂತು ಸೊಪ್ಪು ಬಿಡಿಸುತ್ತಾ ಕಾಯುತ್ತಿದ್ದಳು. ಸಹಾಯಕ್ಕೆ ಹೋದರೆ ನನ್ನ ಕೈಗೇ ಒಂದು ಬೀಳುತ್ತಿತ್ತು.

ಅಮ್ಮ ಹೋದ ಮೇಲೆ ಅವನನ್ನು ಪುಟ್ಟೇನಹಳ್ಳಿಯ ಒಂದು ಮನೆಗೆ ಸೇರಿಸಿದೆ. ಆಶ್ರಮವಲ್ಲ, ಬಾಡಿಗೆ ಮನೆ. ಅವನಂಥವರೇ ನಾಲ್ವರು, ನೋಡಿಕೊಳ್ಳಲು ಒಬ್ಬ ಹೆಂಗಸು. ಇಲ್ಲಿರುವವರು ತಮ್ಮ ಊಟ ತಾವೇ ಮಾಡಬೇಕು, ಆಗದವರನ್ನು ಊರಾಚೆಯ ದೊಡ್ಡ ಕೇಂದ್ರಕ್ಕೆ ಕಳಿಸುತ್ತೇವೆ ಎಂದು ಮನೆ ನಡೆಸುವ ಮೇಡಂ ಮೊದಲ ದಿನವೇ ಹೇಳಿದ್ದರು. ಆ ಕೇಂದ್ರವನ್ನು ನಾನು ನೋಡಿದ್ದೇನೆ. ಒಂದೇ ಉದ್ದನೆಯ ಕೋಣೆಯಲ್ಲಿ ಸಾಲು ಮಂಚ, ಗೋಡೆ ಕಡೆ ಮುಖ ಮಾಡಿ ಮಲಗಿದವರು.

ಭಾನುವಾರ ಗಂಗಾನಗರದಿಂದ ಎರಡು ಬಸ್ ಬದಲಿಸಿ ಹೋಗುತ್ತಿದ್ದೆ. ಅಣ್ಣ ಮೈಕೈ ತುಂಬಿಕೊಂಡಿದ್ದ. ತಲೆಗೆ ಎಣ್ಣೆ, ಕತ್ತರಿಸಿದ ಉಗುರು. ಸಮಾಧಾನವಾಗಿತ್ತು. ಒಂದು ಸಲ ಊಟದ ಹೊತ್ತಿಗೇ ಹೋದೆ. ಆ ಹೆಂಗಸು ಅವನ ಮುಂದೆ ಕೂತು ಮೊಸರನ್ನ ಕಲಸಿ ತುತ್ತು ಇಡುತ್ತಿದ್ದಳು. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆಯುತ್ತಿದ್ದ.

"ಅಕ್ಕ, ಅವನೇ ತಿನ್ಬೇಕು. ಇಲ್ದಿದ್ರೆ ಇಲ್ಲಿ ಇಟ್ಕೊಳಲ್ಲ," ಎಂದೆ.

"ಎಷ್ಟೊತ್ತು ಅಂತ ಇಂಗೇ ಒದ್ದಾಡ್ತದೆ ಪಾಪ! ನಾಕು ಜನಕ್ಕೆ ನಾನೊಬ್ಳು ಕಣಮ್ಮ. ಬೇಡ ಅಂದ್ರೆ ಬಿಟ್ಬಿಡ್ತೀನಿ. ಅಸ್ಕೊಂಡ್ ಮಲಗಿದ್ರೆ ನನ್ನ ಕೇಳ್ಬೇಡಿ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೋರಿಸುವುದು? ಇವಳಿಗಿಂತ ಮುಂಚೆ ಇದ್ದವಳು, ಅಣ್ಣ ಬಟ್ಟೆ ಒದ್ದೆ ಮಾಡಿಕೊಂಡರೆ ಸಂಜೆವರೆಗೂ ಹಾಗೇ ಬಿಡುತ್ತಿದ್ದಳು. ಪ್ರೀತಿಯಿಂದ ತುತ್ತಿಡುವವಳ ಮೇಲೆ ದೂರು ಹೇಳಲೇ? ಮನೆಗೆ ಕರೆತರೋಣವೆಂದರೆ, ಬೆಳಿಗ್ಗೆ ಎಂಟಕ್ಕೆ ಹೊರಟರೆ ನಾನು ಮನೆ ಸೇರುವುದು ಸಂಜೆ ಏಳಕ್ಕೆ.

ನಾನೇ ಸರಿಮಾಡುತ್ತೇನೆಂದು ಭಾನುವಾರಗಳಲ್ಲಿ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಒಯ್ಯತೊಡಗಿದೆ. ಅಣ್ಣ ತಟ್ಟೆ ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ, ಬಾಯಿ ತೆರೆಯುತ್ತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಣ್ಣಲ್ಲಿ ನೀರು ಬರುತ್ತಿತ್ತು ಅವನಿಗೆ. ಅಮ್ಮನ ತಾಳ್ಮೆ ನನಗೆಲ್ಲಿ ಬರಬೇಕು? ವಾಪಸ್ ಹೋಗಬೇಕು, ವಾರದ ಬಟ್ಟೆ ಒಗೆಯಬೇಕು. ಕೊನೆಗೆ ನಾನೇ ಮುರಿದು ಅವನ ಬಾಯಿಗಿಡುತ್ತಿದ್ದೆ. ಮುಂದಿನ ವಾರ ಖಂಡಿತ ಬಿಡುವುದಿಲ್ಲ ಎಂದುಕೊಳ್ಳುತ್ತಿದ್ದೆ.

ವರ್ಷ ತುಂಬಿದಾಗ ಮೇಡಂ ಪರೀಕ್ಷೆಗೆ ಬಂದರು, ನನ್ನನ್ನೂ ಕರೆಸಿದ್ದರು. ನೋಡಿಕೊಳ್ಳುವ ಹೆಂಗಸು ಮುದ್ದೆ ಬಡಿಸಿ, ಅಡುಗೆಮನೆಯ ಬಾಗಿಲಲ್ಲಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಅಣ್ಣ ತಟ್ಟೆ ನೋಡಿದ. ಅವಳ ಕಡೆ ತಿರುಗಲಿಲ್ಲ. ನೇರವಾಗಿ ನನ್ನ ಕಡೆ ತಿರುಗಿ ಬಾಯಿ ತೆರೆದ.

"ತಿನ್ನಿಸೋ ಅಭ್ಯಾಸ ಯಾರು ಮಾಡ್ಸಿದ್ದು?" ಮೇಡಂ ಕೇಳಿದರು.

"ನಾನೇ ಮೇಡಂ," ಎಂದಳು ಆಕೆ.

ನಾನು ಸುಮ್ಮನಿದ್ದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಅಣ್ಣನಿಗೆ ಮೂರು ತಿಂಗಳ ಗಡುವು ಸಿಕ್ಕಿತು. ಆಕೆಯನ್ನು ಕೆಲಸದಿಂದ ಬಿಡಿಸಿದರು. ಈಗ ಬಂದಿರುವವಳು ಕರಾರುವಾಕ್ಕು, ತಟ್ಟೆ ಇಟ್ಟು ಒಂದು ಗಂಟೆಗೆ ಸರಿಯಾಗಿ ಎತ್ತುತ್ತಾಳೆ. ಅಣ್ಣ ಸೊರಗಿದ್ದಾನೆ. ಆದರೆ ಅರ್ಧ ಮುದ್ದೆಯನ್ನು ತಾನೇ ತಿನ್ನುತ್ತಾನಂತೆ. ನಾನು ಕಣ್ಣಿಗೆ ಬಿದ್ದರೆ ಮಾತ್ರ ಕೈ ತೊಡೆಯ ಮೇಲೆ ಹೋಗುತ್ತದೆ, ಬಾಯಿ ತೆರೆಯುತ್ತದೆ.

ಊಟದ ಹೊತ್ತಿಗೆ ಒಳಗೆ ಬರಬೇಡಿ ಎಂದಿದ್ದಾರೆ. ಡಬ್ಬಿಯನ್ನು ಬಾಗಿಲಲ್ಲಿ ಕೊಟ್ಟು ಕೆರೆ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ. ಈಗ ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ.