ಬಾಕಿ ಉಳಿದಿದ್ದ ಆಷಾಢ

ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಟ ಇರಬಾರದು ಅನ್ನುತ್ತಾರೆ. ಊರವರ ಚಟಕ್ಕೆಲ್ಲ ಹೊಗೆಸೊಪ್ಪು ಬೆಳೆಯುವ ಮನೆಗೆ ನನ್ನನ್ನು ಕೊಟ್ಟರು. ಹಟವನ್ನು ನಾನೇ ತವರಿನಿಂದ ಕಟ್ಟಿಕೊಂಡು ಬಂದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೊಂಡ ವಾರಪತ್ರಿಕೆಯೊಂದರಲ್ಲಿ ಕಾದಂಬರಿ ಸ್ಪರ್ಧೆಯ ಪ್ರಕಟಣೆ ನೋಡಿದೆ. ಶ್ರಾವಣ ಕಳೆಯುವುದರೊಳಗೆ ಕಳಿಸಬೇಕು. ಕಾದಂಬರಿಯೇನೋ ತಲೆಯಲ್ಲಿತ್ತು. ಒಂದು ಮನೆ, ಒಬ್ಬ ಅತ್ತೆ, ಒಬ್ಬ ಸೊಸೆ. ಆದರೆ ಒಲೆ ಮುಂದೆ ಅರ್ಧ ಪುಟ, ಕೊಟ್ಟಿಗೆಯಲ್ಲಿ ಕಾಲು ಪುಟ ಅಂತ ಕದ್ದು ಬರೆದು ನನಗೆ ಸಾಕಾಗಿ ಹೋಗಿತ್ತು. ಹಾಗೆ ಬರೆದರೆ ಹಾಲು ಉಕ್ಕುವಷ್ಟರಲ್ಲಿ ಪಾತ್ರಗಳು ಮುನಿಸಿಕೊಂಡು ಎದ್ದು ಹೋಗುತ್ತವೆ. ನನಗೆ ಯಾರೂ ಕರೆಯದ ಒಂದು ಇಡೀ ತಿಂಗಳು ಬೇಕಿತ್ತು.

ಆ ತಿಂಗಳು ನನಗೆ ಬರಬೇಕಾದ್ದೇ. ನಮ್ಮ ಕಡೆ ಹೊಸ ಸೊಸೆ ಆಷಾಢ ಪೂರ್ತಿ ತವರಿನಲ್ಲಿರಬೇಕು, ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಮದುವೆಯಾದ ವರ್ಷ ನನ್ನನ್ನೂ ಕೆ.ಆರ್. ನಗರದ ಹತ್ತಿರದ ತವರಿಗೆ ಕಳಿಸಿದ್ದರು. ವಾರ ಕಳೆದಿತ್ತೋ ಇಲ್ಲವೋ, ಹೊಲದ ಕೆಲಸಕ್ಕೆ ಆಳು ಸಿಕ್ಕಲಿಲ್ಲ ಎಂದು ಅತ್ತೆ ಮಗನನ್ನು ಅಟ್ಟಿ ನನ್ನನ್ನು ವಾಪಸ್ ಕರೆಸಿಕೊಂಡರು. ಆಮೇಲೆ ಕರು ಸತ್ತರೂ ಸರಿ, ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಬೇಯಿಸಿದ ಹೊಗೆಸೊಪ್ಪು ಕಪ್ಪಾದರೂ ಸರಿ, ‘ಆಸಾಡದಲ್ಲಿ ಒಂದೇ ಹೊಸ್ಲು ದಾಟುದ್ವಲ್ಲ, ಅದ್ಕೇ ಇಂಗಾಯ್ತು’ ಎಂದು ಗೊಣಗುವವರೂ ಅವರೇ.

ಜಗಲಿಯ ಮೇಲೆ ಅವರು ಅವರೆಕಾಳು ಆರಿಸುತ್ತಿದ್ದಾಗ ನೇರವಾಗಿ ಹೇಳಿಬಿಟ್ಟೆ. ‘ಅತ್ತೆ, ಈ ಸಲ ಆಷಾಢಕ್ಕೆ ತವರಿಗೆ ಹೋಗ್ತೀನಿ. ಪೂರ್ತಿ ತಿಂಗಳು. ಕಾದಂಬರಿ ಬರೀಬೇಕು.’

ಅವರು ಮೊರ ಕೆಳಗಿಟ್ಟರು. ‘ಏನಮ್ಮಿ, ನಿನ್ ಮಗಳು ಸ್ಕೂಲಿಗೋಯ್ತಾವ್ಳೆ, ನೀನಿನ್ನೂ ಹೊಸ ಮದುವಣಗಿತ್ತೀನಾ?’

‘ನನ್ನ ಆಷಾಢ ಇನ್ನೂ ತೀರಿಲ್ಲವಲ್ಲ ಅತ್ತೆ. ತೀರೋವರೆಗೂ ನಾನು ಹೊಸಬಳೇ.’

‘ನಾಚ್ಕೆ ಆಗಾಕಿಲ್ವಾ ನಿಂಗೆ!’ ಅಂದರು. ಆಗಲಿಲ್ಲ. ಯಾಕಾಗಬೇಕು?

ಯಜಮಾನರನ್ನು ಕೇಳಿದರೆ ‘ನಿಮ್ಮಿಬ್ರ ಮಧ್ಯೆ ನನ್ನ ಎಳೀಬೇಡಿ’ ಎಂದು ಟವೆಲ್ ಕೊಡವಿಕೊಂಡು ಹೊಲಕ್ಕೆ ಹೋದರು. ನಾನು ತಯಾರಿಗೆ ಇಳಿದೇಬಿಟ್ಟೆ. ತಿಂಗಳಿಗಾಗುವಷ್ಟು ಖಾರದ ಪುಡಿ ಕುಟ್ಟಿದೆ, ಹುರಿಹಿಟ್ಟು ಮಾಡಿಟ್ಟೆ, ರಾಗಿ ಬೀಸಿಸಿದೆ. ಮನೆ ಬಿಟ್ಟು ಹೋಗಿ ಉಪವಾಸ ಕೆಡವಿದಳು ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಗೆರೆಯಿಲ್ಲದ ಬಿಳಿ ಹಾಳೆ, ಪೆನ್ನು, ರೀಫಿಲ್ಲು ತಂದೆ. ಕಳೆ ಕೀಳುತ್ತಾ ಪಾತ್ರಗಳ ಮಾತುಗಳನ್ನು ಗಟ್ಟಿಯಾಗಿ ಆಡಿಕೊಂಡೆ. ಪಕ್ಕದ ಹೊಲದವರು ನನಗೆ ಗಾಳಿ ಹಿಡಿದಿದೆ ಅಂದುಕೊಂಡರು. ಅಂದುಕೊಳ್ಳಲಿ.

ಆದರೆ ತವರಿನ ಬಾಗಿಲೇ ತೆರೆಯಲಿಲ್ಲ. ಹೇಳಿ ಬರೋಣವೆಂದು ಹೋದರೆ ಅವ್ವ ಎದೆ ಹಿಡಿದುಕೊಂಡಳು. ‘ಇಷ್ಟು ವರ್ಸ ಆದ್ಮೇಲೆ ಒಬ್ಳೇ ಬಂದು ತಿಂಗ್ಳು ಕೂತ್ಕಂಡ್ರೆ ಊರು ಸುಮ್ನಿರ್ತದಾ? ಗಂಡ ಓಡಿಸ್ದ ಅಂತಾರೆ ಕಣವ್ವ. ನಿಮ್ಮಪ್ಪ ಪಂಚಾಯ್ತಿ ಸೇರಿಸ್ಬುಡ್ತಾರೆ. ಬರಿಯೋದೇನಿದ್ರೂ ನಿನ್ ಮನೇಲೇ ಬರ್ಕೋ.’

ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತಿದ್ದು, ದುಃಖಕ್ಕಲ್ಲ. ನನ್ನ ಮನೆಯಂತೆ! ಹುಟ್ಟಿದ ಮನೆಯಲ್ಲಿ ನೆಂಟಳು, ಸೇರಿದ ಮನೆಯಲ್ಲಿ ಆಳು, ಬರೆಯುವುದಕ್ಕೆ ಒಂದು ಮೂಲೆಗೂ ಗತಿಯಿಲ್ಲ. ಊರು ಹತ್ತಿರ ಬಂದಾಗ ಕಿಟಕಿಯಾಚೆ ಸಾಲಾಗಿ ಬ್ಯಾರನ್‌ಗಳು ಕಂಡವು. ಸೊಪ್ಪು ಮುರಿಯುವ ಕಾಲ ಬರುವವರೆಗೂ ಅವೆಲ್ಲ ಖಾಲಿ. ನಮ್ಮದೂ ಖಾಲಿ.

ಆಷಾಢದ ಮೊದಲ ದಿನ ಚಾಪೆ, ದಿಂಬು, ಹಾಳೆ ಹೊತ್ತು ಅಂಗಳಕ್ಕೆ ಇಳಿದೆ. ‘ಅತ್ತೆ, ನಾನು ಎಲ್ಲೂ ಹೋಗಲ್ಲ. ಆದರೆ ಈ ತಿಂಗಳು ನಿಮ್ಮ ಹೊಸ್ತಿಲು ದಾಟಲ್ಲ. ಬ್ಯಾರನ್ನಿನಲ್ಲಿರ್ತೀನಿ. ಬೆಳಿಗ್ಗೆ ಹೊಲಕ್ಕೆ ಬರ್ತೀನಿ, ಊಟದ ಮೇಲೆ ನನ್ನನ್ನು ಯಾರೂ ಕರೀಬಾರದು. ಬಲವಂತ ಮಾಡಿ ಒಳಗೆ ಕರೆದು, ಆಮೇಲೆ ಈ ವರ್ಷವೂ ಸೊಪ್ಪು ಕಪ್ಪಾದರೆ ನನ್ನ ಕೇಳಬೇಡಿ.’

ವರ್ಷಗಟ್ಟಲೆ ಅತ್ತೆ ತಾವೇ ಹಾಡಿದ ಹಾಡು, ಸುಳ್ಳು ಅನ್ನುವುದು ಹೇಗೆ? ‘ಹಾಳಾಗೋಗು’ ಅಂದರು. ನನಗೆ ಅಷ್ಟು ಅಪ್ಪಣೆ ಸಾಕಿತ್ತು.

ಬ್ಯಾರನ್ ಒಳಗೆ ಹಳೆಯ ಸೊಪ್ಪಿನ ಘಾಟು. ಗೋಡೆ ಮುಟ್ಟಿದರೆ ಮಸಿ. ಬಾಗಿಲು ತೆರೆದಿಟ್ಟರೆ ಒಂದು ಚಾಪೆಯಷ್ಟು ಬೆಳಕು ಬೀಳುತ್ತಿತ್ತು. ಅಲ್ಲೇ ರಸಗೊಬ್ಬರದ ಮೂಟೆಯೊಂದನ್ನು ಎಳೆದು ಮೇಜು ಮಾಡಿಕೊಂಡೆ. ಆ ಮಧ್ಯಾಹ್ನ ಒಂದು ಪುಟ ಬರೆದು ಮುಗಿಸುವಷ್ಟರಲ್ಲಿ ಬೆಳಕಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು, ಕೈಯಲ್ಲಿ ಕಾಫಿ ಲೋಟ. ಕರೆಯಬಾರದು ಅಂದಿದ್ದೆ, ಅವರು ಕರೆದಿರಲಿಲ್ಲ.

‘ಅದ್ರಾಗೆ ನಾನೂ ಇದ್ದೀನಾ?’

‘ಇದ್ದೀರಿ.’

‘ಏನ್ಮಾಡ್ತಾ ಇದ್ದೀನಿ?’

‘ಅಳ್ತಾ ಇದ್ದೀರಿ. ಸೊಸೆ ಕೈ ಹಿಡ್ಕೊಂಡು, ತಪ್ಪಾಯ್ತು ಅಂತ.’

‘ಥೂ! ನಾನು ಯಾವತ್ತಮ್ಮಿ ನಿನ್ ಮುಂದೆ ಅತ್ತಿದ್ದು? ನಿನ್ ಆಸಾಡ ಕಿತ್ಕಂಡೋಳು ನಾನು. ಬೇಕೂಂತ್ಲೇ ಕಿತ್ಕಂಡೆ. ನನ್ನತ್ತೆ ನಂಗೆ ಒಂದಿನಾನೂ ಕೊಡ್ನಿಲ್ಲ, ನಿಂಗ್ಯಾಕ್ ಕೊಡ್ಬೇಕಾಗಿತ್ತು? ಅದ್ನ ಬರಿ. ಸುಳ್ಳು ಬರಿಯಾಕೆ ಒಂದು ತಿಂಗ್ಳು ಬೇಕಾ ನಿಂಗೆ?’

ಲೋಟ ಕುಕ್ಕಿ ಹೋದರು. ನಾನು ಆ ಹಾಳೆ ಹರಿದೆ. ಹೊಸ ಹಾಳೆಯ ಮೊದಲ ಸಾಲಿಗೇ ಅತ್ತೆ ಬೈಯತೊಡಗಿದರು, ಎರಡನೆಯ ಸಾಲಿಗೆ ನಾನು ಎದುರು ಮಾತಾಡಿದೆ. ಹೊತ್ತು ಮುಳುಗುವವರೆಗೂ ಇಬ್ಬರೂ ನಿಲ್ಲಿಸಲಿಲ್ಲ.