ದೀಪ ಆರಿಸುವ ಕತ್ತಲಪ್ಪ

ಇನ್ನೂ ಕೋಳಿ ಕೂಗಿಲ್ಲ. ಕುದುರೆ ಲಾಯದ ಉದ್ದ ಓಣಿಯಲ್ಲಿ ಕತ್ತಲಪ್ಪ ಒಂದೊಂದೇ ಸ್ವಿಚ್ ಒತ್ತುತ್ತಾ ಬರುತ್ತಿದ್ದಾರೆ. ಹಚ್ಚುವುದಕ್ಕಲ್ಲ ಸ್ವಾಮಿ, ಆರಿಸುವುದಕ್ಕೆ!

ಪಂದ್ಯದ ಕುದುರೆಗಳನ್ನು ಬಿಸಿಲೇರುವ ಮುನ್ನವೇ ಓಡಿಸಿ ಪಳಗಿಸಬೇಕು. ದೀಪದ ಬೆಳಕಿನಿಂದ ಹೊರಬಿದ್ದ ಕುದುರೆಯ ಕಣ್ಣಿಗೆ ಕತ್ತಲು ಒಗ್ಗಲು ನಮಗಿಂತ ಹೆಚ್ಚು ಹೊತ್ತು ಬೇಕು. ಒಮ್ಮೆ ಒಗ್ಗಿತೋ, ನಮ್ಮ ನಿಮ್ಮ ಕಣ್ಣು ಅದರ ಮುಂದೆ ಯಾವ ಲೆಕ್ಕ! ಅದಕ್ಕೇ ಸವಾರರಿಗಿಂತ ಬಹಳ ಮುಂಚೆ ಎದ್ದು ಲಾಯವನ್ನು ಕತ್ತಲಾಗಿಸಲು ಈ ಮನುಷ್ಯ ಬೇಕು. ಇವರ ನಿಜವಾದ ಹೆಸರು ಯಾರ ನಾಲಿಗೆಯಲ್ಲೂ ಉಳಿದಿಲ್ಲ. "ದೀಪ ಆರಿಸೋ ಕೆಲಸದವನಿಗೆ ಹೆಣ್ಣು ಕೊಡೋದಾ ಅಂತ ನಮ್ಮತ್ತೆ ಹಿಂದೆಮುಂದೆ ನೋಡಿದ್ರು," ಎಂದು ನಗುತ್ತಾರೆ.

"ಕುದುರೆ ಕಣ್ಣಿನ ಹಿಂದೆ ಕನ್ನಡಿ ಥರ ಒಂದು ಪದರ ಇದೆ ಸಾರ್. ನಕ್ಷತ್ರದ ಬೆಳಕು ಬಿದ್ರೂ ಬಿಡಲ್ಲ, ಎರಡೆರಡು ಸಲ ಬಳಸ್ಕೊಳ್ಳುತ್ತೆ. ಇಷ್ಟು ವರ್ಷ ಆದ್ರೂ ನನಗಿನ್ನೂ ಮೈ ಜುಮ್ಮನ್ನುತ್ತೆ."

ಇಂದು ಅವರು ಆರಿಸಿದ ಸ್ವಿಚ್ಚುಗಳನ್ನೇ ಮತ್ತೆ ಮುಟ್ಟಿ ನೋಡುತ್ತಿದ್ದಾರೆ. ಮಗಳೂ ಇಲ್ಲೇ ಕುದುರೆ ಓಡಿಸುತ್ತಾಳೆ. ಅವಳು ಮೊದಲ ಸಲ ಹತ್ತಿದ ದಿನ ಅಪ್ಪನ ಕರುಳು ಕೇಳಲಿಲ್ಲ. ದಾರಿ ಕಾಣಲೆಂದು ಗೇಟಿನ ದೀಪವೊಂದನ್ನು ಉರಿಯಲು ಬಿಟ್ಟರು. ಬೆಳಕು ಮುಗಿದು ಕತ್ತಲು ಶುರುವಾಗುವಲ್ಲಿ ಕಂದು ಕುದುರೆ ಗಕ್ಕನೆ ನಿಂತಿತು. ಮಗಳು ಮುಂದಕ್ಕೆ ಹಾರಿಬಿದ್ದು ಭುಜದ ಮೂಳೆ ಮುರಿದುಕೊಂಡಳು. "ಊರಿಗೆಲ್ಲ ಬುದ್ಧಿ ಹೇಳೋನು, ನನ್ನ ಮಗಳಿಗೇ ದೀಪ ಬಿಟ್ಟೆ ನೋಡಿ," ಎನ್ನುತ್ತಾರೆ.

ಮೂಳೆ ಕೂಡಿದ ಮೇಲೆ ಇಂದೇ ಮೊದಲ ಸವಾರಿ, ಅದೇ ಕುದುರೆಯ ಮೇಲೆ.

"ಅಪ್ಪಾ, ಗೇಟಿಂದೂ ಆರಿಸಿದ್ಯಾ?" ಮಗಳ ದನಿ ಮಾತ್ರ ಕೇಳುತ್ತದೆ.

"ಆರಿಸಿದೀನಿ ಕಣಮ್ಮಾ."

ಗೊರಸಿನ ಸದ್ದು ದೂರವಾಗಿ, ಕೊನೆಗೆ ಕೇಳಿಸುವುದೇ ಇಲ್ಲ. ನಾಲ್ಕಾರು ನಕ್ಷತ್ರ ಬಿಟ್ಟರೆ ನಮ್ಮ ಕಣ್ಣಿಗೆ ಏನೇನೂ ಇಲ್ಲ. ಈ ಕತ್ತಲಲ್ಲಿ ಒಂದು ಪ್ರಾಣಿ ಕತ್ತಲಪ್ಪನವರ ಜೀವವಾದ ಮಗಳನ್ನೇ ಬೆನ್ನ ಮೇಲೆ ಹೊತ್ತು ತಿರುವು ದಾಟುತ್ತಿದೆ, ಅಬ್ಬಾ! ಕತ್ತಲಪ್ಪ ಗೊರಸಿನ ಸದ್ದು ಹುಡುಕುತ್ತಾ ಒಂದೊಂದೇ ಹೆಜ್ಜೆ ಮುಂದಿಡುತ್ತಾರೆ. ಓಟದ ದಾರಿಯ ನಡುವೆಯೇ ಬಂದು ನಿಂತಿದ್ದೇನೆಂಬುದು ಅವರಿಗೂ ತಿಳಿದಿಲ್ಲ.

ಸದ್ದು ಮರಳುತ್ತದೆ, ಹತ್ತಿರವಾಗುತ್ತದೆ, ನಿಧಾನವಾಗಿ ನಿಲ್ಲುತ್ತದೆ. ಅವರ ಮುಖಕ್ಕೆ ಬಿಸಿಯುಸಿರು ತಾಕುತ್ತದೆ.

"ಯಾಕೆ ನಿಂತ್ಬಿಟ್ಟೆಯೇ?" ಎಂದು ಕುದುರೆಯನ್ನು ಕೇಳಿದ ಮಗಳಿಗೆ ಆಮೇಲಷ್ಟೇ ಅಪ್ಪನ ಬಿಕ್ಕು ಕೇಳಿಸುತ್ತದೆ. "ಅಯ್ಯೋ, ನೀನಾ! ನನಗೇನೂ ಕಾಣ್ಲಿಲ್ವಲ್ಲಪ್ಪಾ! ಇದು ನೋಡ್ದೇ ಇದ್ದಿದ್ರೆ ನಿನ್ನ ಗತಿ? ಸ್ವಲ್ಪನೂ ಬುದ್ಧಿ ಬೇಡ್ವಾ?"

ಕತ್ತಲಪ್ಪ ಬೈಸಿಕೊಳ್ಳುತ್ತಲೇ ಕುದುರೆಯ ಕೊರಳು ತಬ್ಬುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಕಣ್ಣೊರೆಸಿಕೊಂಡು ಹೇಳುತ್ತಾರೆ: "ನಾಳೆನೂ ಹೀಗೇ ಬೈತಾ ವಾಪಸ್ ಬರ್ಲಿ ಸಾರ್, ಅಷ್ಟೇ."