ಕೇಳಿದ ಯಂತ್ರಕ್ಕೆ ಪೂರ್ತಿ ಅಂಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಸ್ತ್ರಿ ಅಂಗಡಿಯ ಮೇಜಿನ ಮೇಲೆ, ಮಡಚಿಟ್ಟ ಅಂಗಿಗಳ ನಡುವೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ, ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುವ ಈ ಹೆಂಗಸು. ಪತಿರಾಯರು ಬಂದು ಇಸ್ತ್ರಿಪೆಟ್ಟಿಗೆ ಕಾಯಿಸುವವರೆಗೆ ಮೇಜು ಇವರದು, ಆಮೇಲೆ ಷರ್ಟುಗಳದು.

ಜನ ಆಡುವ ಮಾತಿನಲ್ಲೇ ಇವರೊಂದು ಕೋರಿಕೆ ಬರೆಯುತ್ತಾರೆ. ಎಐ ಚಾಟ್‌ಬಾಟ್‌ಗಳು ಅದಕ್ಕೆ ಪ್ರೋಗ್ರಾಂ ಬರೆದುಕೊಡುತ್ತವೆ. ಕಂಪನಿಯೊಂದಕ್ಕಾಗಿ ಅದನ್ನು ಓಡಿಸಿ ನೋಡಿ ಅಂಕ ಹಾಕುವುದು ಇವರ ಕೆಲಸ. ಮೊದಲು ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತಿದ್ದರು. ಅದಕ್ಕೆ ಬೀಗ ಬಿದ್ದ ಮೇಲೆ ಬಹಳ ಕಾಲ ಕಾಲರಿಗೆ ಗಂಜಿ ಹಾಕಿದರು. "ಗಂಜಿಯಲ್ಲೂ ನನ್ನ ಕೈ ಚೆನ್ನಾಗೇ ಇತ್ತು. ಆದ್ರೆ ಕಾಲರ್ ತಪ್ಪು ಮಾಡಲ್ಲ ನೋಡಿ, ಹುಡುಕೋ ಮಜಾ ಇಲ್ಲ."

ಇವತ್ತಿನ ಕೋರಿಕೆ ಅಂಗಡಿಯದೇ: "ಬಟ್ಟೆ ಒಯ್ಯೋಕೆ ತಡ ಮಾಡಿದವರಿಗೆ ಒಂದು ಮೆಸೇಜ್ ಕಳಿಸು." ಮೊದಲ ಬಾಟ್ ಹಿಂದೆಮುಂದೆ ನೋಡದೆ ಪ್ರೋಗ್ರಾಂ ಬರೆದುಬಿಡುತ್ತದೆ. ಪರೀಕ್ಷೆಗೆ ಕೊಟ್ಟಿರುವುದು ಮನೆಯವರ ನಂಬರುಗಳು. ನಿನ್ನೆ ಸಂಜೆಯಷ್ಟೇ ಇಸ್ತ್ರಿಗೆ ಶಾಲು ಕೊಟ್ಟಿದ್ದ ಅತ್ತೆ ಒಳಗಿನಿಂದ ಫೋನು ಹಿಡಿದೇ ಬರುತ್ತಾರೆ.

"ಏನಮ್ಮಾ, 'ನಿಮ್ಮ ಬಟ್ಟೆ ತಗೊಂಡು ಹೋಗಿ' ಅಂತ ಬಂದಿದೆ! ನೇರವಾಗಿ ಹೇಳೋಕೆ ಬಾಯಿ ಬರಲಿಲ್ವಾ?"

"ಅಯ್ಯೋ ಅತ್ತೆ, ಅದು ಯಂತ್ರ ಕಳಿಸಿದ್ದು."

"ಯಂತ್ರಕ್ಕೆ ಹೇಳಿಕೊಟ್ಟೋರು ಯಾರೋ!"

ಎರಡನೆಯ ಬಾಟ್ ಒಂದು ಸಾಲೂ ಬರೆಯುವುದಿಲ್ಲ. ತಡ ಅಂದರೆ ಎಷ್ಟು ದಿನ ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ಪ್ರೋಗ್ರಾಂ ಇಲ್ಲದಿದ್ದರೆ ಸೊನ್ನೆ, ಅದು ಕಂಪನಿಯ ನಿಯಮ. ಇದನ್ನೇ ನೋಡುತ್ತಿರುವ ಇನ್ನಿಬ್ಬರು ಪರೀಕ್ಷಕರು ಸೊನ್ನೆ ಸುತ್ತಿದ್ದಾರೆ. ಅತ್ತಿಗೆ ಪೂರ್ತಿ ಅಂಕ ಕೊಡುತ್ತಾರೆ. ಉಳಿದವರ ಅಂಕಕ್ಕೆ ತಾಳೆಯಾಗದವರನ್ನು ಕೆಲಸದಿಂದ ಬಿಡಿಸುವುದುಂಟು. ಇವರಿಗೆ ಆಗಲೇ ಒಮ್ಮೆ ಎಚ್ಚರಿಕೆ ಬಂದಾಗಿದೆ.

ಮೇಲ್ವಿಚಾರಕಿಯ ಫೋನು ಬರುತ್ತದೆ. "ಅಕ್ಕಾ, ಪ್ರೋಗ್ರಾಮೇ ಇಲ್ಲ, ಅಂಕ ಯಾವುದಕ್ಕೆ ಕೊಟ್ರಿ? ಬದಲಾಯಿಸಿಬಿಡಿ, ಸುಮ್ನೆ ತೊಂದರೆ ಮಾಡ್ಕೋಬೇಡಿ."

"ಅಳತೆ ತಗೊಳ್ಳದೆ ಹೊಲಿದ ಅಂಗಿ ನೀನು ಹಾಕ್ಕೊಳ್ತೀಯೇನಮ್ಮಾ? ಇದು ಅಳತೆ ಕೇಳ್ತಿದೆ. ಉತ್ತರ ಕೊಡ್ತೀನಿ, ನೀನೇ ನೋಡು."

ಉತ್ತರ ಗೊತ್ತಿರಬೇಕಾದ ಪತಿರಾಯರು ಅಷ್ಟರಲ್ಲಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾರೆ. "ರೀ, ತಡ ಅಂದ್ರೆ ಎಷ್ಟು ದಿನ?"

"ಅದು ಗಿರಾಕಿ ಯಾರು ಅನ್ನೋದರ ಮೇಲೆ."

"ಏನಾದ್ರೂ ಒಂದು ಹೇಳ್ರೀ!"

"ಹತ್ತು. ನಿಮ್ಮಣ್ಣನಿಗೆ ಮಾತ್ರ ಎರಡು."

ಅತ್ತಿಗೆ ಒಮ್ಮೆ ದುರುಗುಟ್ಟಿ ನೋಡಿ, ಹಾಗೆಯೇ ಬರೆದು ಕಳಿಸುತ್ತಾರೆ. ಬಾಟ್ ಈಗ ಕೊಟ್ಟ ಪ್ರೋಗ್ರಾಂ ಹತ್ತು ದಿನ ದಾಟಿದವರನ್ನು ಎಚ್ಚರಿಸುತ್ತದೆ, ಎರಡು ದಿನ ದಾಟಿದ ಅಣ್ಣನನ್ನೂ ಬಿಡುವುದಿಲ್ಲ. ಅತ್ತೆಯ ತಂಟೆಗೆ ಹೋಗುವುದಿಲ್ಲ. ಫೋನಿನ ಆ ಕಡೆ ಮೇಲ್ವಿಚಾರಕಿಗೆ ನಗು. "ಆಯ್ತಕ್ಕಾ, ಅಂಕ ಹಾಗೇ ಇರಲಿ. ನಿಯಮದ ಬಗ್ಗೆ ಮೇಲಿನವರ ಹತ್ತಿರ ನಾನು ಮಾತಾಡ್ತೀನಿ."

ಆಸೆಗಳೇನೂ ಇಲ್ಲವೇ ಎಂದು ಕೇಳಿದರೆ ಅತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ ಮೇಜು ಬಿಟ್ಟುಕೊಡುತ್ತಾರೆ. "ದೊಡ್ಡದೇನಿಲ್ಲ. ಗೊತ್ತಿಲ್ಲ ಅಂತ ಕೇಳಿದವರಿಗೆ ಸೊನ್ನೆ ಹಾಕೋಕೆ ನನಗೆ ಕೈ ಬರಲ್ಲ. ಆ ನಿಯಮ ಒಂದು ಹೋದ್ರೆ ಸಾಕು."